ಉಭಯಚರ ವಾಹನಕ್ಕೆ ವಿಂಚ್: ಆಯ್ಕೆ ಮತ್ತು ಜೋಡಣೆ

ನೆಲದಲ್ಲಿ ಗಾಲಿಗಳ ಮೇಲೆ ಓಡಿ, ನೀರಿಗಿಳಿದಾಗ ತೇಲಿ ಸಾಗುವ ವಾಹನವೇ ಉಭಯಚರ ವಾಹನ. ವಿಂಚ್ ಎಂಬುದು ಅದರ ಮೂತಿಗೆ ಇಲ್ಲವೇ ಹಿಂಬದಿಗೆ ಕೂರಿಸುವ ಎಳೆಯಂತ್ರ. ಒಂದು ಉರುಳೆ, ಅದಕ್ಕೆ ಸುತ್ತಿದ ಹಗ್ಗ, ಉರುಳೆಯನ್ನು ನಿಧಾನವಾಗಿ ಆದರೆ ಭಾರಿ ಬಲದಿಂದ ತಿರುಗಿಸುವ ಗೇರು, ಗೇರಿನ ಹಿಂದೆ ಒಂದು ಮೋಟರು: ಇಷ್ಟೇ ಅದರ ಅಂಗಗಳು. ಹಗ್ಗದ ತುದಿಯನ್ನು ಮರಕ್ಕೋ ನೆಲದಲ್ಲಿ ಹೂಳಿದ ದಿಮ್ಮಿಗೋ ಕಟ್ಟಿ ಮೋಟರು ಓಡಿಸಿದರೆ ವಾಹನ ತನ್ನನ್ನು ತಾನೇ ಎಳೆದುಕೊಂಡು ಹೊರಬರುತ್ತದೆ.

ಜೀಪಿಗೆ ವಿಂಚ್ ಆರಿಸುವ ಲೆಕ್ಕವನ್ನೇ ಇದಕ್ಕೂ ಹಚ್ಚುವವರು ಹೆಚ್ಚು. ಅದು ಸಾಲದು. ತೇಲುವ ವಾಹನದಲ್ಲಿ ಪ್ರತಿ ಕಿಲೋ ತೂಕವೂ ಲೆಕ್ಕಕ್ಕೆ ಬರುತ್ತದೆ; ಬೋಲ್ಟಿಗಾಗಿ ಕೊರೆದ ಪ್ರತಿ ತೂತೂ ನೀರು ನುಗ್ಗುವ ದಾರಿಯಾಗಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಇಂಥ ವಾಹನ ಸಿಕ್ಕಿಬೀಳುವ ಜಾಗವೇ ಬೇರೆ. ನಡುನೀರಿನಲ್ಲಿ ಅದು ತೇಲುತ್ತಿರುತ್ತದೆ, ಗಟ್ಟಿ ನೆಲದಲ್ಲಿ ಓಡುತ್ತಿರುತ್ತದೆ. ನೀರು ಮುಗಿದು ನೆಲ ಶುರುವಾಗುವ ನಾಲ್ಕೈದು ಮೀಟರ್ ರಾಡಿಯಲ್ಲಿ ತೇಲುವ ಶಕ್ತಿಯೂ ಇಲ್ಲ, ಗಾಲಿಯ ಹಿಡಿತವೂ ಇಲ್ಲ. ಆದ್ದರಿಂದ ವಿಂಚಿನ ಶಕ್ತಿ, ತೂಕ, ಹಗ್ಗ, ಕೂರಿಸುವ ಜಾಗ ಎಲ್ಲವನ್ನೂ ದಂಡೆಯನ್ನು ಕಣ್ಣೆದುರು ಇಟ್ಟುಕೊಂಡೇ ನಿರ್ಧರಿಸಬೇಕು. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಘಟಪ್ರಭಾ ಕಣಿವೆ ಈ ಮಾತಿಗೆ ಒಳ್ಳೆಯ ನಿದರ್ಶನ.

ನೆಲ ಮತ್ತು ನೀರು

ಸಹ್ಯಾದ್ರಿಯಲ್ಲಿ ಹುಟ್ಟುವ ಘಟಪ್ರಭಾ ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ರಾಜಾ ಲಖಮಗೌಡ ಜಲಾಶಯವಾಗಿ ನಿಲ್ಲುತ್ತದೆ. ಸುಮಾರು 51 ಟಿಎಂಸಿ ನೀರು ಹಿಡಿಯುವ ಈ ಜಲಾಶಯದ ಗರಿಷ್ಠ ಮಟ್ಟ 2175 ಅಡಿ. ಕೆಳಗೆ ಧೂಪದಾಳದಲ್ಲಿ 19ನೇ ಶತಮಾನದ ಕೊನೆಯಲ್ಲಿ ಕಟ್ಟಿದ ಒಡ್ಡು ಇದೆ. ಅದರ ಹಿನ್ನೀರು 1974ರಿಂದ ಘಟಪ್ರಭಾ ಪಕ್ಷಿಧಾಮ. ಇನ್ನೂ ಕೆಳಗೆ ಗೋಕಾಕ ಜಲಪಾತ, 52 ಮೀಟರ್ ಧುಮುಕು. ಹಿರಣ್ಯಕೇಶಿ ಸಂಕೇಶ್ವರದ ಮಗ್ಗುಲಲ್ಲಿ ಹರಿದು ಬರುತ್ತದೆ; ಮಾರ್ಕಂಡೇಯ ಗೊಡಚಿನಮಲ್ಕಿಯಲ್ಲಿ ಧುಮುಕಿ ಗೋಕಾಕದ ಕಡೆ ಬರುತ್ತದೆ. ಎರಡೂ ಘಟಪ್ರಭೆಯ ಉಪನದಿಗಳು. ಗೋಕಾಕದಿಂದ ಬೇರ್ಪಟ್ಟು ತಾಲ್ಲೂಕಾದ ಮೂಡಲಗಿಯ ಹೊಳೆಸಾಲು ಬಹುಪಾಲು ಕಬ್ಬಿನ ಸೀಮೆ.

ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಸುರಿದು ಹಿಡಕಲ್ಲಿನ ಗೇಟು ಎತ್ತಿದರೆ ಇಲ್ಲಿ ನೆರೆ. 2019ರ ಆಗಸ್ಟ್ ನೆರೆಯನ್ನು ಗೋಕಾಕದವರು ಮರೆತಿಲ್ಲ. 2021ರ ಮತ್ತು 2024ರ ಜುಲೈಗಳಲ್ಲೂ ಲೋಳಸೂರ ಸೇತುವೆ ಮುಳುಗಿತು. ಆಗ ಮೊದಲು ಇಳಿಯುವುದು ಊರಿನ ಟ್ರ್ಯಾಕ್ಟರು, ಬಳಿಕ ಅಗ್ನಿಶಾಮಕ ದಳದ ಮತ್ತು ಎನ್‌ಡಿಆರ್‌ಎಫ್‌ನ ದೋಣಿ. ಟ್ರ್ಯಾಕ್ಟರು ಎದೆಮಟ್ಟದ ನೀರಿಗೆ ನಿಲ್ಲುತ್ತದೆ. ದೋಣಿ ಮೊಣಕಾಲುದ್ದದ ನೀರಿನಲ್ಲಿ, ಬಾಗಿ ಮಲಗಿದ ಕಬ್ಬಿನ ನಡುವೆ ಮುಂದೆ ಹೋಗುವುದಿಲ್ಲ. ಈ ಎರಡರ ನಡುವಿನ ತೆರವಿನಲ್ಲೇ ಉಭಯಚರ ವಾಹನಕ್ಕೆ ಕೆಲಸ. ಬೇಸಿಗೆಯಲ್ಲಿ ಬೇರೊಂದು ಸನ್ನಿವೇಶ: ಹಿಡಕಲ್ ಹಿನ್ನೀರು ಇಳಿದು ಹುನ್ನೂರಿನ ವಿಠ್ಠಲ ದೇವಸ್ಥಾನ ಹೊರಗೆ ಕಾಣುವ ದಿನಗಳಲ್ಲಿ ನೀರಿನಂಚಿಗೂ ಗಟ್ಟಿ ನೆಲಕ್ಕೂ ನಡುವೆ ಹೂಳಿನ ಅಗಲ ಪಟ್ಟಿ ಉಳಿಯುತ್ತದೆ.

ಇಲ್ಲಿನ ಎರೆಮಣ್ಣಿನ ಸ್ವಭಾವವೇ ವಿಂಚಿನ ಅಗತ್ಯವನ್ನು ಹೆಚ್ಚಿಸುವುದು. ಈ ಜೇಡಿ ನೀರು ಕುಡಿದು ಉಬ್ಬುತ್ತದೆ, ಟೈರಿನ ಗೀರುಗಳಲ್ಲಿ ತುಂಬಿ ಅದನ್ನು ನುಣ್ಣಗೆ ಮಾಡುತ್ತದೆ, ವಾಹನದ ಚಪ್ಪಟೆ ಹೊಟ್ಟೆಗೆ ಅಂಟಿ ಕೆಳಕ್ಕೆ ಹೀರಿಕೊಳ್ಳುತ್ತದೆ. ಗೋಕಾಕ ಜಲಪಾತದ ಸುತ್ತಣ ಕಲ್ಲುನೆಲದಲ್ಲಿ, ಮಡ್ಡಿಯಲ್ಲಿ ಈ ಕಾಟವಿಲ್ಲ.

ಹಿನ್ನೆಲೆ

ಎರಡನೇ ಮಹಾಯುದ್ಧದ ವೇಳೆಗೇ ವಿಂಚ್ ಉಭಯಚರ ವಾಹನದ ಸಹಜ ಅಂಗವಾಗಿತ್ತು. 1942ರಲ್ಲಿ ಅಮೆರಿಕದಲ್ಲಿ ತಯಾರಾದ ಆರು ಗಾಲಿಯ ‘ಡಕ್’ ಲಾರಿ ಎರಡೂವರೆ ಟನ್ ಹೊತ್ತು ಕಡಲು ದಾಟಿ ದಂಡೆ ಹತ್ತುತ್ತಿತ್ತು. ಇಂಜಿನ್ನಿನಿಂದಲೇ ಓಡುವ, ಸುಮಾರು ನಾಲ್ಕೂವರೆ ಟನ್ ಎಳೆಯುವ ವಿಂಚ್ ಅದರ ಹಿಂಬದಿಯಲ್ಲಿತ್ತು. ಅದೇ ಕಾಲದ ಫೋರ್ಡ್ ಜಿಪಿಎ ಎಂಬ ತೇಲುವ ಜೀಪಿನ ಮೂತಿಯ ಮೇಲೆ ನೆಟ್ಟಗೆ ನಿಂತ ಸುತ್ತುಗಂಬದಂಥ ವಿಂಚ್ ಇತ್ತು. ದಂಡೆ ಹತ್ತುವ ಸಮಸ್ಯೆಗೆ ನೇರ ಉತ್ತರ ಕೊಟ್ಟದ್ದು 1970ರ ದಶಕದಲ್ಲಿ ಬ್ರಿಟಿಷ್ ಸೇನೆಗೆ ಬಂದ ಎಫ್‌ವಿ 180 ಎಂಬ ಎಂಜಿನಿಯರಿಂಗ್ ವಾಹನ. ಎದುರು ದಡದ ಮೇಲಕ್ಕೆ ರಾಕೆಟ್ಟಿನಿಂದ ಲಂಗರು ಹಾರಿಸಿ, ಎಂಟು ಟನ್ ವಿಂಚಿನಿಂದ ಅದು ತನ್ನನ್ನು ಎಳೆದುಕೊಳ್ಳುತ್ತಿತ್ತು. ಭಾರತದಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಬಿಎಂಪಿ-2 ಯುದ್ಧವಾಹನದ ಆಧಾರದಲ್ಲಿ ರೂಪಿಸಿದ ಉಭಯಚರ ಡೋಜರಿನಲ್ಲೂ ರಾಕೆಟ್ ಲಂಗರಿನ ಇದೇ ಉಪಾಯವಿದೆ. ಹತ್ತಾರು ಟನ್ ತೂಗುವ, ಲೋಹದ ಹಲ್ಲಿನ ಪಟ್ಟಿಗಳ ಮೇಲೆ ಓಡುವ ಸೇನಾವಾಹನಕ್ಕೂ ಒದ್ದೆ ದಂಡೆ ಹತ್ತಲು ಹಗ್ಗ ಬೇಕಾಯಿತು ಎಂಬುದು ಗಮನಿಸತಕ್ಕ ಸಂಗತಿ.

ನಾಗರಿಕ ಬಳಕೆಗೆ ಬಂದವು ಸಣ್ಣ ವಾಹನಗಳು. ಕೆನಡಾದ ಒಂಟಾರಿಯೊದಲ್ಲಿ 1967ರಿಂದ ತಯಾರಾಗುತ್ತಿರುವ ಆರ್ಗೋ ಇವುಗಳಲ್ಲಿ ಹೆಸರಾದದ್ದು: ತೊಟ್ಟಿಯಾಕಾರದ ಪ್ಲಾಸ್ಟಿಕ್ ಒಡಲು, ಆರು ಅಥವಾ ಎಂಟು ಗಾಲಿ, ಗಾಳಿ ಕಡಿಮೆ ತುಂಬಿದ ದಪ್ಪ ಟೈರು. ಟೈರಿನ ಗೀರುಗಳೇ ನೀರಿನಲ್ಲಿ ಹುಟ್ಟಿನ ಕೆಲಸ ಮಾಡುವುದರಿಂದ ನೀರಿನಲ್ಲಿ ಅದರ ವೇಗ ಗಂಟೆಗೆ ಸುಮಾರು 5 ಕಿ.ಮೀ. ಮಾತ್ರ. ಆಳೆತ್ತರದ ನಾಲ್ಕು ಟೈರುಗಳ ಶೆರ್ಪ್ ಇನ್ನೊಂದು ಬಗೆ. ಅದೇ ಜಾತಿಯ ಆ್ಯಟೋರ್ ಎನ್1200 ಈಗ ಭಾರತೀಯ ಸೇನೆಯಲ್ಲಿದೆ, 2025ರ ಪಂಜಾಬ್ ನೆರೆಯಲ್ಲಿ ಅಮೃತಸರದ ಬಳಿ ಜನರನ್ನು ಹೊತ್ತು ತಂದಿತು. ಮುಂದಿನ ಲೆಕ್ಕಗಳು ಮುಖ್ಯವಾಗಿ ಎಂಟು ಗಾಲಿಯ ಸಣ್ಣ ವಾಹನಕ್ಕೆ ಸಂಬಂಧಿಸಿದವು. ಒಂದು ತಾಲ್ಲೂಕಿನ ರಕ್ಷಣಾ ತಂಡವೋ ಮೀನುಗಾರರ ಸಹಕಾರ ಸಂಘವೋ ಕೊಳ್ಳುವುದಾದರೆ ಅದರ ಕೈಗೆಟುಕಬಹುದಾದದ್ದು ಅದೇ.

ಎಷ್ಟು ಎಳೆತ ಬೇಕು

ವಾಹನದ ತುಂಬಿದ ತೂಕದ ಒಂದೂವರೆ ಪಟ್ಟು ಎಳೆಯುವ ವಿಂಚ್ ಬೇಕು ಎಂಬುದು ಎಲ್ಲೆಡೆ ಚಾಲ್ತಿಯಲ್ಲಿರುವ ಸೂತ್ರ. ಅದು ಒಣನೆಲದ ವಾಹನಕ್ಕೆ ಸರಿ. ಉಭಯಚರ ವಾಹನದ ಲೆಕ್ಕವನ್ನು ದಂಡೆಯಿಂದ ಹಿಮ್ಮುಖವಾಗಿ ಮಾಡುವುದು ಉತ್ತಮ.

ಖಾಲಿ ವಾಹನ 550 ಕಿಲೋ ಎಂದಿಟ್ಟುಕೊಳ್ಳಿ. ನಾಲ್ಕು ಜನ, ಅವರ ಗಂಟುಮೂಟೆ ಸೇರಿ 350 ಕಿಲೋ. ಒಡಲೊಳಗೆ ಸೇರಿಕೊಂಡ ನೀರು, ಮೆತ್ತಿಕೊಂಡ ರಾಡಿ 100 ಕಿಲೋ; ಇದನ್ನು ಲೆಕ್ಕಕ್ಕೆ ಹಿಡಿಯುವವರು ವಿರಳ, ಆದರೆ ನೆರೆಯಲ್ಲಿ ಇದಿಲ್ಲದೆ ಯಾವ ವಾಹನವೂ ಮೇಲೆ ಬರುವುದಿಲ್ಲ. ಒಟ್ಟು ಒಂದು ಟನ್. ನೀರಿನಲ್ಲಿರುವಾಗ ಇಷ್ಟೂ ತೂಕವನ್ನು ನೀರೇ ಹೊತ್ತಿರುತ್ತದೆ. ಮುಂಗಾಲಿ ದಂಡೆಗೆ ತಾಗಿ ಮೂತಿ ಮೇಲೇಳುತ್ತಿದ್ದಂತೆ ನೀರು ತನ್ನ ಹೊರೆಯನ್ನು ನೆಲಕ್ಕೆ ಒಪ್ಪಿಸುತ್ತದೆ. ಆ ನೆಲವೋ ಇನ್ನೂ ಮೆತ್ತಗಿರುತ್ತದೆ.

ಸಿಕ್ಕಿಬಿದ್ದ ವಾಹನಗಳನ್ನು ಎಳೆಯುವವರಲ್ಲಿ ಬಳಕೆಯಲ್ಲಿರುವ ಅಂದಾಜಿನಂತೆ ಗಟ್ಟಿ ರಸ್ತೆಯಲ್ಲಿ ವಾಹನದ ತೂಕದ ಇಪ್ಪತ್ತೈದರಲ್ಲಿ ಒಂದು ಭಾಗದಷ್ಟು ಎಳೆತ ಸಾಕು. ಮೃದು ಮರಳಿನಲ್ಲಿ ನಾಲ್ಕರಲ್ಲಿ ಒಂದು, ತೆಳು ಕೆಸರಿನಲ್ಲಿ ಮೂರರಲ್ಲಿ ಒಂದು, ಜೇಡಿಯಲ್ಲಿ ಮತ್ತು ಜೌಗಿನಲ್ಲಿ ಅರ್ಧ. ಗಾಲಿ ಪೂರ್ತಿ ಹೂತುಕೊಂಡಿದ್ದರೆ ವಾಹನದ ತೂಕದಷ್ಟೇ, ಮಡ್‌ಗಾರ್ಡ್‌ವರೆಗೆ ಹೂತಿದ್ದರೆ ಅದರ ಎರಡು ಪಟ್ಟು. ಏರಿಗೆ ಪ್ರತಿ ಡಿಗ್ರಿಗೂ ತೂಕದ ಅರವತ್ತರಲ್ಲಿ ಒಂದು ಭಾಗ ಕೂಡಿಸಬೇಕು. ನಮ್ಮ ಒಂದು ಟನ್ ವಾಹನ 20 ಡಿಗ್ರಿ ಏರಿನ ಎರೆಮಣ್ಣಿನ ದಂಡೆಯಲ್ಲಿ ಗಾಲಿಮಟ್ಟ ಹೂತಿದೆ ಎನ್ನೋಣ: ಹೂತದ್ದಕ್ಕೆ 1000 ಕಿಲೋ, ಏರಿಗೆ 333 ಕಿಲೋ, ಒಟ್ಟು 1333.

ವಿಂಚಿನ ಮೇಲೆ ಬರೆದಿರುವ ಅಂಕಿಯನ್ನು ಅರ್ಥ ಮಾಡಿಕೊಳ್ಳಬೇಕಾದದ್ದು ಇಲ್ಲಿ. ಆ ಅಂಕಿ ಉರುಳೆಯ ಮೇಲಿನ ಮೊದಲ ಪದರಕ್ಕೆ, ಎಂದರೆ ಹಗ್ಗವನ್ನೆಲ್ಲ ಬಿಚ್ಚಿ ಕೊನೆಯ ಸುತ್ತುಗಳು ಮಾತ್ರ ಉಳಿದಾಗಿನ ಎಳೆತಕ್ಕೆ ಸಂಬಂಧಿಸಿದ್ದು. ಹಗ್ಗ ಪದರಪದರವಾಗಿ ಸುತ್ತಿದಂತೆ ಉರುಳೆ ದಪ್ಪವಾಗಿ ಎಳೆತ ಕುಗ್ಗುತ್ತದೆ. ನಾಲ್ಕನೇ ಪದರದಲ್ಲಿ ಉಳಿಯುವುದು ಸುಮಾರು ಮೂರನೇ ಎರಡು ಭಾಗ. ಮರವೋ ದಿಮ್ಮಿಯೋ ಹತ್ತಿರವಿದ್ದರೆ ವಿಂಚ್ ಕೆಲಸ ಮಾಡುವುದು ಆ ಹೊರಪದರದಲ್ಲೇ. ಇಂಥ ವಾಹನಗಳಿಗೆ ಸಾಮಾನ್ಯವಾಗಿ ಹಾಕುವ 3000 ಪೌಂಡಿನ (1360 ಕಿಲೋ) ವಿಂಚ್ ಹೊರಪದರದಲ್ಲಿ 900 ಕಿಲೋ ಮಾತ್ರ ಎಳೆಯುತ್ತದೆ, ನಮ್ಮ ದಂಡೆಗೆ ಸಾಲದು. 4500 ಪೌಂಡಿನದು (2040 ಕಿಲೋ) ಅಲ್ಲೇ 1360 ಕಿಲೋ ಎಳೆಯುತ್ತದೆ. ಲೆಕ್ಕ ಕೂದಲೆಳೆಯಲ್ಲಿ ಸರಿಹೋಗುತ್ತದೆ. ಹಾಗಿದ್ದರೆ ಇನ್ನೂ ದೊಡ್ಡದು ಏಕೆ ಬೇಡ? ತೂಕ, ಬ್ಯಾಟರಿ ಎರಡೂ ಅದಕ್ಕೆ ಒಪ್ಪುವುದಿಲ್ಲ. ಒಂದು ಸ್ನ್ಯಾಚ್ ಬ್ಲಾಕ್, ಎಂದರೆ ಪಕ್ಕ ತೆರೆದು ಹಗ್ಗ ಹಾಕಬಹುದಾದ ರಾಟೆ, ಜತೆಗಿದ್ದರೆ ಹಗ್ಗವನ್ನು ಮರಳಿ ವಾಹನಕ್ಕೇ ತಂದು ಕಟ್ಟಿ ಎಳೆತವನ್ನು ಹತ್ತಿರಹತ್ತಿರ ಇಮ್ಮಡಿಸಬಹುದು. ವೇಗ ಅರ್ಧವಾಗುತ್ತದೆ, ದಂಡೆಯಲ್ಲಿ ಅವಸರವೇ ಇರಬಾರದು, ಹಾಗಾಗಿ ಅದು ನಷ್ಟವಲ್ಲ. ರಾಟೆ ಬಳಸಿದಾಗ ಹಗ್ಗ ಹೆಚ್ಚು ಬಿಚ್ಚಿಕೊಂಡು ಉರುಳೆಯ ಒಳಪದರಕ್ಕೆ ಇಳಿಯುವುದು ಇನ್ನೊಂದು ಲಾಭ. ದೊಡ್ಡ ವಿಂಚಿಗೆ ಹಾಕುವ ದುಡ್ಡಿನಲ್ಲಿ ಸ್ವಲ್ಪ ಭಾಗ ಒಳ್ಳೆಯ ರಾಟೆಗೆ ಹಾಕುವುದು ಜಾಣತನ.

ಚಾಲಕ ಶಕ್ತಿ

ಸಣ್ಣ ವಾಹನಗಳ ವಿಂಚ್ 12 ವೋಲ್ಟಿನ ವಿದ್ಯುತ್ತಿನದು. 4500 ಪೌಂಡಿನ ವಿಂಚ್ ಪೂರ್ಣ ಹೊರೆಯಲ್ಲಿ ಸುಮಾರು 200 ಆಂಪಿಯರ್ ಎಳೆಯುತ್ತದೆ. ಜೀಪಿಗೆ ಹಾಕುವ ದೊಡ್ಡವು 400 ದಾಟುತ್ತವೆ. ಸಣ್ಣ ಇಂಜಿನ್ನು ಬ್ಯಾಟರಿಗೆ ಮರಳಿ ತುಂಬುವುದು ಇಪ್ಪತ್ತು ಆಂಪಿಯರ್ ಎಂದಿಟ್ಟುಕೊಂಡರೆ ಒಂದು ನಿಮಿಷದ ಎಳೆತಕ್ಕೆ ಹತ್ತು ನಿಮಿಷದ ತುಂಬಿಕೆ ಬೇಕು. ಆದ್ದರಿಂದ ಎಳೆಯುವಾಗ ಇಂಜಿನ್ ಆರಿಸಬಾರದು, ಅರ್ಧ ನಿಮಿಷ ಎಳೆದು ಬಿಡುವು ಕೊಡಬೇಕು, ಗಾಲಿಗಳೂ ನಿಧಾನಕ್ಕೆ ತಿರುಗಿ ನೆರವಾಗಬೇಕು. ಕಾಯಂ ಅಯಸ್ಕಾಂತದ ಮೋಟರು ಕಡಿಮೆ ಕರೆಂಟು ಕೇಳುತ್ತದೆ, ಆದರೆ ದೀರ್ಘ ಎಳೆತದಲ್ಲಿ ಬೇಗ ಕಾಯುತ್ತದೆ. ಸೀರೀಸ್ ಸುತ್ತಿನ ಮೋಟರು ಹೆಚ್ಚು ಕೇಳಿದರೂ ಹೊರೆ ತಾಳುತ್ತದೆ. ಎರೆಮಣ್ಣಿಗೆ ಎರಡನೆಯದೇ ಸರಿ.

ನೀರಿನ ವಿಷಯದಲ್ಲಿ ಮುಚ್ಚಳದ ಮೇಲಿನ ಐಪಿ ಅಂಕಿ ನೋಡಬೇಕು. ಐಪಿ 67 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದ್ದರೂ ಒಳಗೆ ನೀರು ಹೋಗದು ಎಂಬ ಪರೀಕ್ಷೆ. ಐಪಿ 68 ಅದಕ್ಕಿಂತ ಕಠಿಣ. ಆದರೆ ಪರೀಕ್ಷೆ ನಡೆಯುವುದು ತಣ್ಣಗಿರುವ ಮೋಟರಿನ ಮೇಲೆ. ದಂಡೆಯಲ್ಲಿ ಎಳೆದು ಕಾದ ಮೋಟರು ತಕ್ಷಣ ಮತ್ತೆ ನೀರಿಗಿಳಿದರೆ ಒಳಗಿನ ಗಾಳಿ ತಣಿದು ಕುಗ್ಗುತ್ತದೆ. ಆ ಸೆಳೆತಕ್ಕೆ ಸೀಲಿನ ಅಂಚಿನಿಂದ ನೀರು ಒಳಸೇರುತ್ತದೆ. ಎಳೆದ ಮೇಲೆ ಮೋಟರು ಕೈಗೆ ತಣ್ಣಗಾಗುವವರೆಗೆ ನೀರಿಗೆ ಇಳಿಸದಿರುವುದು, ಉಸಿರುನಳಿಕೆ ಇರುವ ಮಾದರಿಯಾದರೆ ಅದರ ತುದಿಯನ್ನು ಚಾಲಕನ ಎದೆಯೆತ್ತರಕ್ಕೆ ಒಯ್ಯುವುದು, ಮೋಟರಿಗೆ ಕರೆಂಟು ಹಾಕಿ ತೆಗೆಯುವ ಕಾಂಟ್ಯಾಕ್ಟರ್ ಪೆಟ್ಟಿಗೆಯನ್ನು ಒಡಲಿನೊಳಗೆ ಎತ್ತರದಲ್ಲಿ ಕೂರಿಸುವುದು, ಇವು ಮೂರೂ ಕಡ್ಡಾಯವೆಂದೇ ಹೇಳಬೇಕು.

ಹೈಡ್ರಾಲಿಕ್ ವಿಂಚಿಗೆ ಈ ಭಯವಿಲ್ಲ. ಎಣ್ಣೆಯ ಒತ್ತಡದಿಂದ ಓಡುವ ಅದು ನೀರಿನಡಿಯಲ್ಲೂ ಕೆಲಸ ಮಾಡುತ್ತದೆ, ತಾಸುಗಟ್ಟಲೆ ಎಳೆದರೂ ದಣಿಯದು. ಇಂಜಿನ್ ನಿಂತರೆ ಮಾತ್ರ ಅದೂ ನಿಲ್ಲುತ್ತದೆ. ಪಂಪು, ಟ್ಯಾಂಕು, ಕೊಳವೆಗಳ ತೂಕ ಸಣ್ಣ ವಾಹನಕ್ಕೆ ಹೆಚ್ಚಾಗುತ್ತದೆ. ದೊಡ್ಡ ರಕ್ಷಣಾ ವಾಹನಕ್ಕೆ ಈ ಸೀಮೆಯಲ್ಲಿ ಹೈಡ್ರಾಲಿಕ್ಕನ್ನೇ ಶಿಫಾರಸು ಮಾಡಲು ಇನ್ನೊಂದು ಬಲವಾದ ಕಾರಣವಿದೆ. ಬೆಳಗಾವಿ ಹೈಡ್ರಾಲಿಕ್ ಬಿಡಿಭಾಗಗಳ ತಯಾರಿಕೆಗೆ ಹೆಸರಾದ ಊರು. ಪಾಲಿಹೈಡ್ರಾನಿನಂಥ ಕಾರ್ಖಾನೆಗಳು ಅಲ್ಲಿ ನಾಲ್ಕು ದಶಕಗಳಿಂದ ಪಂಪು, ವಾಲ್ವುಗಳನ್ನು ಮಾಡುತ್ತಿವೆ. ಟ್ರ್ಯಾಕ್ಟರಿನ ಹೈಡ್ರಾಲಿಕ್ ಬಿಚ್ಚಿ ಜೋಡಿಸಬಲ್ಲ ಮೇಸ್ತ್ರಿ ಮೂರು ತಾಲ್ಲೂಕುಗಳಲ್ಲೂ ಸಿಗುತ್ತಾನೆ. ಕೆಟ್ಟಾಗ ಪಕ್ಕದ ಊರಲ್ಲೇ ರಿಪೇರಿಯಾಗುವ ಯಂತ್ರ ನೆರೆಯ ಕಾಲಕ್ಕೆ ಯಾವತ್ತೂ ಮೇಲು.

ಗೇರುಗಳಲ್ಲಿ ಪ್ಲಾನೆಟರಿ ಬಗೆ ಹಗುರ, ವೇಗದ್ದು. ಹೊರೆಯನ್ನು ಬ್ರೇಕು ತಡೆಯುತ್ತದೆ. ವರ್ಮ್ ಗೇರು ನಿಧಾನ, ಭಾರ, ಆದರೆ ತಾನಾಗಿ ಹಿಂದಕ್ಕೆ ಜಾರುವುದಿಲ್ಲ. ತೇಲುವ ವಾಹನಕ್ಕೆ ತೂಕದ ಕಾರಣದಿಂದ ಮೊದಲನೆಯದೇ ಗತಿ.

ಹಗ್ಗ

ಉಕ್ಕಿನ ಹಗ್ಗವೋ ಸಿಂಥೆಟಿಕ್ ಹಗ್ಗವೋ ಎಂಬ ಚರ್ಚೆ ಜೀಪಿನವರಲ್ಲಿ ಇಂದಿಗೂ ಮುಗಿದಿಲ್ಲ. ಉಭಯಚರ ವಾಹನದಲ್ಲಿ ಚರ್ಚೆಗೆ ಎಡೆ ಕಡಿಮೆ. ಅತಿ ಹೆಚ್ಚು ಅಣುತೂಕದ ಪಾಲಿಥಿಲೀನ್ ನಾರಿನ ಹಗ್ಗ ಅಷ್ಟೇ ಬಲದ ಉಕ್ಕಿನ ಹಗ್ಗದ ಏಳರಲ್ಲಿ ಒಂದು ಪಾಲು ತೂಗುತ್ತದೆ, ನೀರಿನಲ್ಲಿ ತೇಲುತ್ತದೆ, ಹರಿದರೆ ಉಕ್ಕಿನಷ್ಟು ಭೀಕರವಾಗಿ ಬೀಸುವುದಿಲ್ಲ. ಸೊಂಟಮಟ್ಟದ ನೀರಿನಲ್ಲಿ ಹಗ್ಗದ ತುದಿ ಹಿಡಿದು ದಂಡೆಗೆ ನಡೆಯುವವನಿಗೆ ತೇಲುವ ಹಗ್ಗದ ಬೆಲೆ ಗೊತ್ತು. ಅಪಾಯದಲ್ಲಿ ಚಾಕುವಿನಿಂದ ಕತ್ತರಿಸಲೂಬಹುದು. ಹರಿಯುವ ನೀರಿನಲ್ಲಿ ಅದೇ ಜೀವ ಉಳಿಸುವ ಗುಣ.

ಅದರ ಶತ್ರುಗಳು ಮೂರು: ಬಿಸಿಲು, ಬಿಸಿ, ಮರಳು. ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೆ ಈ ನಾರು ಕರಗುತ್ತದೆ. ಬ್ರೇಕು ಉರುಳೆಯೊಳಗೇ ಇರುವ ವಿಂಚಿನಲ್ಲಿ ಹೊರೆ ಹೊತ್ತು ಹಗ್ಗ ಬಿಡುತ್ತ ಹೋದರೆ ಉರುಳೆ ಅಷ್ಟು ಕಾಯುವ ಸಂಭವವಿದೆ. ಹೊಳೆಯ ಸಣ್ಣ ಮರಳು ಎಳೆಗಳ ನಡುವೆ ಸೇರಿ ಒಳಗಿನಿಂದ ಕೊಯ್ಯುತ್ತದೆ. ಪ್ರತಿ ಬಾರಿ ಬಳಸಿದ ಮೇಲೂ ಪೂರ್ತಿ ಬಿಚ್ಚಿ, ಬಕೆಟ್ ನೀರಿನಲ್ಲಿ ಅದ್ದಿ ತೊಳೆದು, ನೆರಳಲ್ಲಿ ಒಣಗಿಸಿ ಸುತ್ತಬೇಕು. ಕಟಾವಾದ ಕಬ್ಬಿನ ಕೂಳೆ ಚೂಪಾಗಿರುತ್ತದೆ. ಅಂಥ ಹೊಲದಲ್ಲಿ ಎಳೆಯುವಾಗ ಹಗ್ಗದ ಕೆಳಗೆ ಗೋಣಿಚೀಲ ಹಾಸುವುದು ಒಳ್ಳೆಯದು. ಉಕ್ಕಿನ ಹಗ್ಗಕ್ಕೆ ಉರುಳೆಯ ಮೇಲೆ ಕನಿಷ್ಠ ಐದು ಸುತ್ತು, ಜಾರುವ ಸಿಂಥೆಟಿಕ್ಕಿಗೆ ಎಂಟು-ಹತ್ತು ಸುತ್ತು ಉಳಿಸಬೇಕು. ಎಳೆತ ಬೀಳುವುದು ಆ ಸುತ್ತುಗಳ ಬಿಗಿತದ ಮೇಲೆ. ಹಗ್ಗದ ಬುಡ ಹಿಡಿದಿರುವ ಸ್ಕ್ರೂವಿಗೆ ಆ ಶಕ್ತಿಯಿಲ್ಲ.

ಜೋಡಣೆ

ಮೊದಲ ನಿಯಮ: ಎಳೆತ ಲೋಹದ ಚೌಕಟ್ಟಿಗೆ ಹೋಗಬೇಕು, ಪ್ಲಾಸ್ಟಿಕ್ ಒಡಲಿಗೆ ಅದರ ಗಾಳಿಯೂ ತಾಗಬಾರದು. ಒಂದೂವರೆ ಟನ್ ಎಳೆತ ಬಿದ್ದಾಗ ಒಡಲಿಗೆ ಮಾತ್ರ ಬಿಗಿದ ವಿಂಚಿನ ತಟ್ಟೆ ಒಡಲನ್ನೇ ಸೀಳಿಕೊಂಡು ಬರುತ್ತದೆ. ತಯಾರಕರು ಆಯಾ ಮಾದರಿಗೆಂದೇ ಕೊಡುವ ತಟ್ಟೆ ಸಿಕ್ಕರೆ ಅದನ್ನೇ ಹಾಕಬೇಕು. ಇಲ್ಲಿಯೇ ಮಾಡಿಸುವುದಾದರೆ ಆರು ಮಿ.ಮೀ.ಗೆ ಕಡಿಮೆಯಿಲ್ಲದ ಉಕ್ಕಿನ ತಟ್ಟೆ, ಚೌಕಟ್ಟಿನ ಎರಡೂ ಉದ್ದಪಟ್ಟಿಗಳಿಗೆ ತಲುಪುವ ತೋಳುಗಳು, 8.8 ದರ್ಜೆಯ ಬೋಲ್ಟು, ಅದುರಿದರೂ ಸಡಿಲವಾಗದ ನೈಲಾನ್ ನಟ್ಟು ಇರಬೇಕು. ಎಳೆತ ಬೋಲ್ಟನ್ನು ಮೇಲಕ್ಕೆ ಕೀಳುವಂತೆ ಬೀಳದೆ ಅಡ್ಡಲಾಗಿ ಬೀಳುವಂತೆ ಕೂರಿಸುವುದು ಸರಿಯಾದ ಕ್ರಮ. ಹುಕ್ಕೇರಿ ತಾಲ್ಲೂಕಿನ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗಗಳನ್ನು ಕೊರೆಯುವ ಕಾರ್ಖಾನೆಗಳೇ ಇವೆ. ನುರಿತ ಕೈಗೆ ಈ ಸೀಮೆಯಲ್ಲಿ ಬರವಿಲ್ಲ. ಬರ ಇರುವುದು ಅಳತೆ ಬರೆದುಕೊಟ್ಟು ಮಾಡಿಸುವ ತಾಳ್ಮೆಗೆ.

ಒಡಲಿಗೆ ತೂತು ಹಾಕಲೇಬೇಕಾದರೆ ಅದು ತುಂಬಿದ ವಾಹನದ ನೀರಿನ ಗೆರೆಗಿಂತ ಮೇಲಿರಬೇಕು. ಗೆರೆ ಎಲ್ಲಿದೆ ಎಂದು ಊಹಿಸಬಾರದು: ವಾಹನವನ್ನು ಕೃಷಿ ಹೊಂಡದಲ್ಲೋ ಹಿಡಕಲ್ಲಿನ ನಿಂತ ಹಿನ್ನೀರಿನಲ್ಲೋ ಪೂರ್ಣ ಹೊರೆಯೊಂದಿಗೆ ತೇಲಿಸಿ, ನಾಲ್ಕೂ ಮೂಲೆಗಳಲ್ಲಿ ಪೇಂಟಿನಿಂದ ಗುರುತು ಹಾಕಿಕೊಂಡು ಆಮೇಲೆ ಡ್ರಿಲ್ ಹಿಡಿಯಬೇಕು. ತೂತಿನ ಎರಡೂ ಬದಿಗೆ ರಬ್ಬರ್ ವಾಷರು, ದೋಣಿಗಳಿಗೆ ಬಳಸುವ ಪಾಲಿಯುರೆಥೇನ್ ಸೀಲಂಟು. ಅಲ್ಯುಮಿನಿಯಂ ಮತ್ತು ಉಕ್ಕು ನೇರವಾಗಿ ತಾಗಿದಲ್ಲಿ ನೀರು ಸೇರಿ ಅಲ್ಯುಮಿನಿಯಂ ಸವೆಯುತ್ತದೆ. ನಡುವೆ ನೈಲಾನಿನ ಪದರ ಹಾಕಬೇಕು.

ತೂಕದ ಲೆಕ್ಕ ಇಲ್ಲಿ ಮತ್ತೆ ಬರುತ್ತದೆ. ಮೂರು ಮೀಟರ್ ಉದ್ದ, 1.4 ಮೀಟರ್ ಅಗಲದ ವಾಹನ ಒಂದು ಸೆಂ.ಮೀ. ಮುಳುಗಲು ಸುಮಾರು 42 ಕಿಲೋ ಬೇಕು. ವಿಂಚು, ತಟ್ಟೆ, ಹಗ್ಗ ಸೇರಿ 20 ಕಿಲೋ ಎಂದರೆ ನಡುವಿನಲ್ಲಿಟ್ಟಾಗ ಅರ್ಧ ಸೆಂ.ಮೀ. ಅದನ್ನೇ ಮೂತಿಯ ತುದಿಗೆ ಕೂರಿಸಿದರೆ ವಾಹನ ಮುಂದಕ್ಕೆ ಬಾಗಿ ಮೂತಿ ಎರಡು ಸೆಂ.ಮೀ. ಹತ್ತಿರ ಇಳಿಯುತ್ತದೆ. ನಿಂತ ನೀರಿನಲ್ಲಿ ಇದು ಏನೂ ಅಲ್ಲ. ಅಂಚು ನೀರಿನಿಂದ ಗೇಣೆತ್ತರವೂ ಇಲ್ಲದ ವಾಹನದಲ್ಲಿ, ಅಲೆಗೆ ಎದುರಾಗಿ, ಮುಂದೆ ಇಬ್ಬರು ಕುಳಿತಾಗ ಇದು ಬಹಳ. ಬ್ಯಾಟರಿಯನ್ನೂ ಇಂಧನದ ಕ್ಯಾನನ್ನೂ ಹಿಂದಕ್ಕೆ ಸರಿಸಿ ಸಮ ಮಾಡಬೇಕು. ಇದಕ್ಕಿಂತ ಮೇಲಾದ ಉಪಾಯ ತೆಗೆದು ಹಾಕಬಲ್ಲ ತೊಟ್ಟಿಲು: ಮುಂದೆ, ಹಿಂದೆ ಎರಡೂ ಕಡೆ ಚೌಕಟ್ಟಿಗೆ ಚೌಕ ಕೊಳವೆ ಬೆಸೆದು, ವಿಂಚನ್ನು ಪಿನ್ನಿನಿಂದ ಬೇಕಾದ ಕಡೆ ಸಿಕ್ಕಿಸುವುದು. ನೀರು ದಾಟುವಾಗ ಅದು ವಾಹನದ ನಡುವಿನಲ್ಲಿ ನೆಲಕ್ಕೆ ಕಟ್ಟಿಕೊಂಡಿರಲಿ, ದಂಡೆ ಬಂದಾಗ ಮೂತಿಗೆ ಬರಲಿ. ದಂಡೆ ಹತ್ತಲಾಗದೆ ಹಿಂದಕ್ಕೇ ಹೊರಬರಬೇಕಾದ ಸಂದರ್ಭ ಕಡಿಮೆಯೇನಲ್ಲ. ಮೂತಿಗೇ ಕಾಯಂ ಬಿಗಿದ ವಿಂಚು ಆಗ ಪ್ರಯೋಜನಕ್ಕೆ ಬಾರದು. ರಾಡಿ ಮೆತ್ತಿದ ಕೈಯಲ್ಲಿ ಅಷ್ಟು ತೂಕ ಎತ್ತಿ ಸಿಕ್ಕಿಸುವುದು ಕಷ್ಟವೆಂಬ ಆಕ್ಷೇಪ ನಿಜ. ಆದರೂ ಈ ಸೀಮೆಗೆ ತೊಟ್ಟಿಲೇ ಸರಿಯಾದ ಆಯ್ಕೆ.

ಹಗ್ಗ ಹೊರಬರುವ ಬಾಯಿಗೆ ಉರುಳುಗಂಬಿಗಳ ಚೌಕಟ್ಟು ಉಕ್ಕಿನ ಹಗ್ಗಕ್ಕೆ. ನುಣುಪಾದ ಅಲ್ಯುಮಿನಿಯಂ ಬಾಯಿ ಸಿಂಥೆಟಿಕ್ಕಿಗೆ. ಉಕ್ಕಿನ ಹಗ್ಗ ಗೀರಿದ ಹಳೆಯ ಬಾಯಿಯಲ್ಲಿ ಹೊಸ ಸಿಂಥೆಟಿಕ್ ಹಗ್ಗ ಹಾಕಿದರೆ ಅದು ಬೇಗ ಸವೆಯುತ್ತದೆ. ಹಗ್ಗವನ್ನು ಉರುಳೆಯ ಕೆಳಬದಿಯಿಂದ ಹೊರಬರುವಂತೆಯೇ ಸುತ್ತಬೇಕು. ಮೇಲಿನಿಂದ ಬಂದರೆ ಹಲವು ವಿಂಚುಗಳ ಬ್ರೇಕು ಹಿಡಿಯುವುದಿಲ್ಲ. ಕರೆಂಟಿನ ದಪ್ಪ ತಂತಿ ಬ್ಯಾಟರಿಯಿಂದ ನೇರ ಬರಲಿ, ನಡುವೆ ಕೈಗೆ ಸಿಗುವಂತೆ ಒಂದು ಮುಖ್ಯ ಸ್ವಿಚ್ ಇರಲಿ. ರಿಮೋಟು ಒದ್ದೆಯಾಗಿ ಕೈಕೊಟ್ಟರೆ ಬಳಸಲು ತಂತಿಯ ಸ್ವಿಚ್ಚನ್ನೂ ಉಳಿಸಿಕೊಳ್ಳಬೇಕು.

ಹಗ್ಗದ ಇನ್ನೊಂದು ತುದಿ

ವಿಂಚ್ ಎಷ್ಟೇ ಬಲವಾಗಿರಲಿ, ಅದನ್ನು ಹಿಡಿದು ನಿಲ್ಲುವುದೊಂದು ಬೇಕು. ಹೊಳೆಸಾಲಿನ ಜಾಲಿ, ಬೇವು ಒಳ್ಳೆಯ ಆಸರೆ. ತೊಗಟೆ ಸುಲಿಯದಂತೆ ಅಗಲ ಪಟ್ಟಿಯನ್ನು ಬುಡಕ್ಕೆ ಸುತ್ತಿ, ಡಿ-ಶ್ಯಾಕಲ್ ಎಂಬ ಕೊಂಡಿ ಹಾಕಿ ಕಟ್ಟಬೇಕು. ಮೂಡಲಗಿ ಕಡೆಯ ಕಬ್ಬಿನ ಗದ್ದೆಗಳಲ್ಲಿ ಕಣ್ಣು ಹಾಯುವಷ್ಟು ದೂರ ಮರವಿರುವುದಿಲ್ಲ. ಆಗ ಸಿಗುವುದು ಕರೆಂಟು ಕಂಬ. ಅದು ಹೆಸ್ಕಾಂ ಕಂಬವಿರಲಿ, ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ ಕಂಬವಿರಲಿ, ಹಗ್ಗ ಕಟ್ಟಲೇಬಾರದು. ನೆನೆದ ಎರೆಮಣ್ಣಿನಲ್ಲಿ ಕಂಬ ಅಡಿಪಾಯ ಸಡಿಲಿ ನಿಂತಿರುತ್ತದೆ, ಅದು ಬಿದ್ದರೆ ತಂತಿ ನೀರಿಗೇ ಬೀಳುತ್ತದೆ.

ಮರವಿಲ್ಲದಲ್ಲಿ ದಿಮ್ಮಿ ಹೂಳುವುದು ಹಳೆಯ, ನಂಬತಕ್ಕ ಉಪಾಯ. ಎಳೆತದ ದಿಕ್ಕಿಗೆ ಅಡ್ಡಲಾಗಿ ಒಂದು ಮೀಟರ್ ಆಳದ ಕಂದಕ ತೋಡಿ, ಆಳುದ್ದದ ದಿಮ್ಮಿ ಇಟ್ಟು, ಅದರ ನಡುವಿಗೆ ಪಟ್ಟಿ ಕಟ್ಟಿ, ಪಟ್ಟಿ ಹೊರಬರಲು ವಾಹನದ ಕಡೆಗೆ ಇಳಿಜಾರಾದ ಸೀಳು ಬಿಟ್ಟು ಮಣ್ಣು ತುಂಬಿ ತುಳಿಯಬೇಕು. ಟ್ರ್ಯಾಕ್ಟರನ್ನು ಆಸರೆ ಮಾಡಿಕೊಳ್ಳುವುದೂ ಉಂಟು. ಎರಡು ಟನ್ ಟ್ರ್ಯಾಕ್ಟರು ಒದ್ದೆ ರಾಡಿಯಲ್ಲಿ ತಾನೇ ಜಾರಿ ಬರುತ್ತದೆ. ಅದು ಗಟ್ಟಿ ರಸ್ತೆಯ ಮೇಲೆ, ಗಾಲಿಗೆ ಕಲ್ಲು ಕೊಟ್ಟು, ವಾಹನಕ್ಕೆ ನೇರವಾಗಿ ನಿಂತಿರಬೇಕು. ಎಲ್ಲ ಕೈಕೊಟ್ಟಾಗಿನ ಆಸರೆಯಾಗಿ ಕೈಯಿಂದ ಸನ್ನೆಕೋಲು ಆಡಿಸುವ ತಂತಿವಿಂಚನ್ನು, ಟಿರ್ಫರ್ ಎಂದು ಕರೆಯುವುದನ್ನು, ಹೊತ್ತೊಯ್ಯುವುದು ಒಳ್ಳೆಯದು. ಅದಕ್ಕೆ ಬ್ಯಾಟರಿಯೂ ಬೇಡ, ಇಂಜಿನ್ನೂ ಬೇಡ.

ಹರಿಯುವ ನೀರು

ನೀರಿನ ತಳ್ಳು ವೇಗದ ವರ್ಗಕ್ಕೆ ಅನುಗುಣ. ಒಂದು ಚದರ ಮೀಟರ್ ಒಡಲಿನ ಮೇಲೆ ಸೆಕೆಂಡಿಗೆ ಎರಡು ಮೀಟರ್ ವೇಗದ ಹರಿವು ಸುಮಾರು 200 ಕಿಲೋ ಬಲ ಹಾಕುತ್ತದೆ. ಮೂರು ಮೀಟರಾದರೆ 450 ದಾಟುತ್ತದೆ. ನೀರಿನಲ್ಲಿ ಸಣ್ಣ ವಾಹನದ ವೇಗವಾದ ಗಂಟೆಗೆ 5 ಕಿ.ಮೀ. ಎಂದರೆ ಸೆಕೆಂಡಿಗೆ ಒಂದೂವರೆ ಮೀಟರಿಗೂ ಕಡಿಮೆ. ಅಂಥ ವಾಹನ ತುಂಬು ಘಟಪ್ರಭೆಯ ನಡುಹರಿವಿಗೆ ಇಳಿಯಲೇಬಾರದು; ಗೋಕಾಕ ಜಲಪಾತದ ಮೇಲ್ಗಡೆಯಂತೂ ಯಾವ ಕಾರಣಕ್ಕೂ ಇಲ್ಲ. ವಿಂಚಿನ ಹಗ್ಗ ಕಟ್ಟಿಕೊಂಡು ದಾಟಬಹುದೆಂಬ ಧೈರ್ಯ ಇನ್ನೂ ಅಪಾಯಕರ. ಹಗ್ಗ ಮೇಲಂಚಿನಿಂದ ಮುಂದಕ್ಕೆ ಎಳೆಯುತ್ತದೆ, ಹರಿವು ಕೆಳಗಿನಿಂದ ಹಿಂದಕ್ಕೆ ತಳ್ಳುತ್ತದೆ. ಎರಡೂ ಸೇರಿ ಮೂತಿಯನ್ನು ನೀರಿಗೆ ಅದ್ದುತ್ತವೆ. ಮೂತಿಯ ಅಂಚು ಒಮ್ಮೆ ಮುಳುಗಿದರೆ ಒಡಲು ತುಂಬಲು ಕ್ಷಣಗಳು ಸಾಕು.

ಎಳೆಯುವಾಗ ಹಗ್ಗದ ಮೇಲೆ ಒದ್ದೆ ಗೋಣಿಚೀಲ ಹಾಕುವುದು, ಬಿಗಿದ ಹಗ್ಗವನ್ನು ಯಾರೂ ದಾಟದಂತೆ ನೋಡಿಕೊಳ್ಳುವುದು, ತೊಗಲಿನ ಕೈಗವಸು, ಬಾಯಿಯಿಂದ ಒಂದು ಮೀಟರ್ ದೂರದಲ್ಲೇ ಕೈ ನಿಲ್ಲಿಸುವುದು ಎಲ್ಲ ವಿಂಚುಗಳಿಗೂ ಸಾಮಾನ್ಯವಾದ ಎಚ್ಚರಗಳು. ಇಲ್ಲಿ ಕೂಡಿಸಬೇಕಾದದ್ದು ಇಷ್ಟು: ಎಲ್ಲರೂ ಲೈಫ್ ಜಾಕೆಟ್ ತೊಟ್ಟಿರಬೇಕು, ಚಾಲಕನ ಸೊಂಟದಲ್ಲಿ ಹಗ್ಗ ಕೊಯ್ಯುವ ಚಾಕು ಇರಬೇಕು, ದಂಡೆ ತಾಗಿದ ಕೂಡಲೇ ಪ್ರಯಾಣಿಕರು ಇಳಿಯಬೇಕು. ನಾಲ್ವರು ಇಳಿದರೆ ವಿಂಚಿನ ಹೊರೆ ಮೂರರಲ್ಲಿ ಒಂದರಷ್ಟು ಕಡಿಮೆಯಾಗುತ್ತದೆ. ನೆರೆಯಲ್ಲಿ ದಣಿದವರನ್ನು ರಾಡಿಯಲ್ಲಿ ಇಳಿಸಲಾಗದಿದ್ದಾಗ ರಾಟೆ ಬಳಸಬೇಕು.

ಕಾನೂನಿನ ವಿಷಯ ಚುಟುಕಾಗಿ: ರಸ್ತೆಗೆ ನೋಂದಣಿಯಾಗದ ಇಂಥ ವಾಹನಗಳನ್ನು ಟ್ರೇಲರಿನಲ್ಲಿ ಸಾಗಿಸಬೇಕು. ನೋಂದಾಯಿತ ಜೀಪಿಗೆ ಮನಬಂದಂತೆ ಚೌಕಟ್ಟು ಬೆಸೆಯುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ಧೂಪದಾಳದ ಪಕ್ಷಿಧಾಮದ ನೀರಿಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಇಳಿಯುವಂತಿಲ್ಲ. ಚಳಿಗಾಲದಲ್ಲಿ ವಲಸೆ ಕೊಕ್ಕರೆಗಳು ಬಂದಿರುವಾಗ ಅಭ್ಯಾಸಕ್ಕೆಂದು ಅನುಮತಿ ಕೇಳುವುದೂ ತರವಲ್ಲ.

ಈ ಸೀಮೆಗೆ ತಕ್ಕದ್ದು

ಎಂಟು ಗಾಲಿಯ ಸಣ್ಣ ವಾಹನಕ್ಕೆ 4500 ಪೌಂಡಿನ, ಐಪಿ 68 ಮುಚ್ಚಿಗೆಯ, ಸೀರೀಸ್ ಮೋಟರಿನ ವಿಂಚ್, ಸಿಂಥೆಟಿಕ್ ಹಗ್ಗ, ಮುಂದೂ ಹಿಂದೂ ಸಿಕ್ಕಿಸಬಲ್ಲ ತೊಟ್ಟಿಲು, ಒಂದು ರಾಟೆ, ಮರಕ್ಕೆ ಸುತ್ತುವ ಎರಡು ಪಟ್ಟಿ, ಒಂದು ಗುದ್ದಲಿ. ಶೆರ್ಪ್ ಗಾತ್ರದ ವಾಹನಕ್ಕೆ ಹೈಡ್ರಾಲಿಕ್. ಇದಕ್ಕೂ ಮುಂಚೆ ಆಗಬೇಕಾದ ಕೆಲಸವೊಂದಿದೆ, ಅದಕ್ಕೆ ವಾಹನ ಕೊಳ್ಳುವವರೆಗೆ ಕಾಯಬೇಕಾಗಿಲ್ಲ. ಲೋಳಸೂರ, ಚಿಕ್ಕೋಳಿ, ಸಂಕೇಶ್ವರದ ಹೊಳೆದಂಡೆ, ಮೂಡಲಗಿ ತಾಲ್ಲೂಕಿನ ಹೊಳೆಸಾಲಿನ ಊರುಗಳು ಪ್ರತಿ ನೆರೆಯಲ್ಲೂ ಜನರನ್ನು ಹತ್ತಿಸಿ ಇಳಿಸುವ ತಾಣಗಳು. ಈ ತಾಣಗಳಲ್ಲಿ ನೆರೆಮಟ್ಟಕ್ಕಿಂತ ಮೇಲೆ, ಕಾಂಕ್ರೀಟಿನಲ್ಲಿ ಹೂತ ಗಟ್ಟಿ ಕಬ್ಬಿಣದ ಬಳೆಯೊಂದು ಇದ್ದರೆ ವಿಂಚಿಗೂ ಟ್ರ್ಯಾಕ್ಟರಿನ ಸರಪಣಿಗೂ ದೋಣಿಯ ಹಗ್ಗಕ್ಕೂ ಅದೇ ಆಸರೆ. ತಾಲ್ಲೂಕು ಆಡಳಿತಗಳೂ ಗ್ರಾಮ ಪಂಚಾಯಿತಿಗಳೂ ಮುಂಗಾರಿಗೆ ಮುಂಚೆ, ನೆಲ ಒಣಗಿರುವ ಏಪ್ರಿಲ್-ಮೇ ತಿಂಗಳಲ್ಲಿ ಈ ಬಳೆಗಳನ್ನು ಹೂಳಿಸಬೇಕು.